ಲಾರಿ ಸಾಲಿನಲ್ಲಿ ಬಿಚ್ಚಿದ ಬುತ್ತಿ

ಊರು ನೋಡಲು ಹೋಗುವುದೆಂದರೆ ನನಗೆ ಮೊದಲಿನಿಂದಲೂ ಬುತ್ತಿ ಬಿಚ್ಚಲು ಹೋಗುವುದು ಎಂದೇ ಅರ್ಥ. ಹೊಸಪೇಟೆಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ, ಹಂಪಿಗೆ ಬಂದ ನೆಂಟರು "ಈ ಗುಡಿ ಕಟ್ಟಿಸಿದವರು ಯಾರು?" ಎಂದು ಕೇಳಿದರೆ ನಾನು ಗಂಡನ ಮುಖ ನೋಡುತ್ತೇನೆ. ಆದರೆ ಯಾವ ಮಂಟಪದಲ್ಲಿ ಮಧ್ಯಾಹ್ನ ನೆರಳಿರುತ್ತದೆ, ಎಲ್ಲಿ ಕೋತಿಗಳ ಕಾಟ ಕಡಿಮೆ, ಯಾವ ಬಂಡೆಯ ಮೇಲೆ ಮೊಸರನ್ನದ ಡಬ್ಬಿ ಜಾರದೆ ನಿಲ್ಲುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಟಿ.ಬಿ. ಡ್ಯಾಂನ ತೋಟಕ್ಕೂ ಜನ ನೀರು ನೋಡಲು ಹೋಗುತ್ತಾರೆ. ನಾನು ಹೋಗುವುದು ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಯ ದೆಸೆಯಿಂದ. ನೀರು ಎದುರಿಗಿದ್ದರೆ ಮಿರ್ಚಿಯ ಖಾರ ಅರ್ಧ ಇಳಿಯುತ್ತದೆ ಎಂಬುದು ನನ್ನ ಸಂಶೋಧನೆ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ಗಾದೆಯಿದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನಾನು ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಎಷ್ಟೋ ಸಲ ಕೊಟ್ಟಿದ್ದೇನೆ. ಅವರೂ ಪಾಪ, ಸ್ವಾವಲಂಬನೆಯ ಮೇಲೆ ಪುಟ ತುಂಬಿಸಿ ತಂದಿದ್ದಾರೆ. ಮನಸ್ಸಿನಲ್ಲಿ ಮಾತ್ರ ನನಗೆ ಈ ಗಾದೆ ಒಪ್ಪಿಗೆಯಿಲ್ಲ. ಬುತ್ತಿ ಬಹಳ ದಿನ ಬರಬೇಕೆಂದು ಕೇಳಿದವರು ಯಾರು? ಸರಿಯಾದ ಒಂದು ಮಧ್ಯಾಹ್ನಕ್ಕೆ ಬಂದರೆ ಸಾಕು. ನಮ್ಮ ಮನೆಯಲ್ಲಿ ಒಮ್ಮೆ ಹಾಗೆ ಬಂತು. ಆ ಮಧ್ಯಾಹ್ನದ ಕಥೆಯನ್ನು ನಾನು ಇದುವರೆಗೆ ಹೊರಗೆ ಹೇಳಿಲ್ಲ. ಹೇಳಬಾರದೆಂದು ನಮ್ಮ ಅವ್ವ ಆಣೆ ಹಾಕಿಸಿದ್ದಳು. ಈಗ ಅವಳೇ ಎದುರು ಮನೆಯವರ ಮುಂದೆ ಹೇಳಿಕೊಂಡು ನಗುತ್ತಾಳಾದ್ದರಿಂದ ನನ್ನ ಆಣೆಯೂ ಇಳಿಯಿತೆಂದು ಭಾವಿಸಿದ್ದೇನೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡದ ಮಣ್ಣು ಲಾರಿಯೇರಿ ಹಗಲೂ ರಾತ್ರಿ ಹೊರಟಿತ್ತು. ಹೋಗುತ್ತ ಹೋಗುತ್ತ ಒಂದಿಷ್ಟು ನಮ್ಮ ಕಿಟಕಿ, ಪರದೆ, ಉಪ್ಪಿನಕಾಯಿ ಜಾಡಿಯ ಮೇಲೂ ಉದುರುತ್ತಿತ್ತು. ಬೆಳಿಗ್ಗೆ ಬಿಳಿಯಾಗಿ ಒಣಹಾಕಿದ ಪಂಚೆ ಸಂಜೆಗೆ ಕಾವಿಯಾಗಿ ಸನ್ಯಾಸ ತೆಗೆದುಕೊಂಡಿರುತ್ತಿತ್ತು. ನಿನ್ನೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಇವತ್ತು ಕಾರಿನ ಗಾಜು ಇಳಿಸಿ ನಮಸ್ಕಾರ ಹೇಳುತ್ತಿದ್ದರು. ಊಟವಾಯಿತೆ, ಮಳೆಯಾಯಿತೆ ಎಂದು ಕೇಳುವ ಬದಲು ಜನ ಒಬ್ಬರನ್ನೊಬ್ಬರು "ಲಾರಿ ಐತೇನ್ರಿ?" ಎಂದು ಕೇಳುತ್ತಿದ್ದರು.

ಈ ಪ್ರಶ್ನೆಗೆ ಬಲಿಯಾದವನು ನನ್ನ ತಮ್ಮ ಬಸವರಾಜ. ಕಂಪ್ಲಿಯಲ್ಲಿ ಅವ್ವನ ಜೊತೆ ಇದ್ದುಕೊಂಡು ಎಮ್ಮಿಗನೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಮೆತ್ತನೆಯ ಮನುಷ್ಯ. ಅಪ್ಪ ತೀರಿಕೊಂಡ ಮೇಲೆ ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ಅವನ ವಯಸ್ಸು ಮೂವತ್ತನ್ನು ದಾಟಿ ಮುಂದೆ ಹೋಗಿತ್ತು. ಹೆಣ್ಣಿನ ಕಡೆಯವರು ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಸರ್ಕಾರಿ ನೌಕರಿ ಎಂದು ಮೆಚ್ಚಿ ತಲೆಯಾಡಿಸುತ್ತಿದ್ದರು, ಆಮೇಲೆ ಲಾರಿಯ ಪ್ರಶ್ನೆ ಬರುತ್ತಿತ್ತು. ಇಲ್ಲವೆಂದರೆ ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎನ್ನುತ್ತಿದ್ದರು. ಫೋನು ಬರುತ್ತಿರಲಿಲ್ಲ. ಒಂದು ದಿನ ಬಸವರಾಜ ನಗುತ್ತಲೇ, "ಅಕ್ಕಾ, ನಾನೂ ಲಾರಿ ಓಡ್ಸಾದು ಕಲೀಲೇನು?" ಎಂದ. ನಾನೂ ನಕ್ಕೆ. ಅವನು ಹೋದ ಮೇಲೆ ನೋಡಿದರೆ ಲೋಟದಲ್ಲಿ ಚಹಾ ಹಾಗೇ ಇತ್ತು.

ಅಂಥ ಹೊತ್ತಿನಲ್ಲಿ ಸಂಡೂರಿನ ಸಂಬಂಧ ಬಂತು. ಹುಡುಗಿಯ ಹೆಸರು ಗಿರಿಜಾ. ಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ತಂದೆಯಿಲ್ಲ, ತಾಯಿ ಮಗಳಿಬ್ಬರನ್ನೂ ಸಾಕಿದವನು ಸೋದರಮಾವ ಪಂಪಣ್ಣ. ಅವನಿಗೆ ಲಾರಿಗಳಿದ್ದವು. ಭಾನುವಾರ ಬಂದು ಹುಡುಗಿಯನ್ನು ನೋಡಿ ಎಂದು ಹೇಳಿ ಕಳಿಸಿದ್ದ. ಶನಿವಾರವೇ ಅವ್ವ, ಬಸವರಾಜ ಇಬ್ಬರೂ ಹೊಸಪೇಟೆಗೆ ನಮ್ಮ ಮನೆಗೆ ಬಂದರು.

ಹೆಣ್ಣು ನೋಡಲು ಹೋಗುವವರು ಬುತ್ತಿ ಕಟ್ಟಿಕೊಳ್ಳುವುದು ಎಲ್ಲಿಯಾದರೂ ಉಂಟೆ? ಅವ್ವ ಕಟ್ಟಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ, "ಅತ್ತೀ, ಅವ್ರು ಉಪ್ಪಿಟ್ಟು ಮಾಡಿರ್ತಾರ, ಇದ್ಯಾಕ?" ಎಂದರೆ, "ದಾರಿ ಯಾರ ಕೈಯಾಗ ಐತಪ್ಪಾ?" ಎಂದಳು. ಬಸವರಾಜನ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ನಮ್ಮ ಹಳೆಯ ವ್ಯಾನಿನಲ್ಲಿ ನೇತುಹಾಕಿದಳು. ಸಂಡೂರು ಮುಟ್ಟುವವರೆಗೆ ಅವನು ಬನಿಯನ್ನಿನಲ್ಲೇ ಇರಬೇಕೆಂದು ಅಪ್ಪಣೆಯಾಯಿತು.

ಘಟ್ಟ ಹತ್ತುವ ಮುಂಚೆ ಒಂದು ಸಣ್ಣ ಸೇತುವೆಯಿದೆ. ಅಲ್ಲಿಗೆ ನಮ್ಮ ಪ್ರಯಾಣ ನಿಂತಿತು. ಮುಂದೆ ಎಲ್ಲೋ ಒಂದು ಲಾರಿಯ ಅಚ್ಚು ಮುರಿದು ಅಡ್ಡ ನಿಂತಿದೆಯಂತೆ. ನಮ್ಮ ಮುಂದೆ ಲಾರಿ, ಹಿಂದೆ ಲಾರಿ, ಕಣ್ಣು ಹಾಯುವವರೆಗೂ ಲಾರಿ. ಮೊದಮೊದಲು ಎಲ್ಲರೂ ಹಾರ್ನ್ ಹೊಡೆದರು. ಆಮೇಲೆ ಡ್ರೈವರುಗಳು ಇಳಿದು ಲಾರಿಯ ನೆರಳಿನಲ್ಲಿ ಚಾಪೆ ಹಾಸಿದರು. ಡ್ರೈವರು ಚಾಪೆ ಹಾಸಿದನೆಂದರೆ ಆಸೆ ಬಿಡಬೇಕು ಎಂದು ಆ ಕಾಲದಲ್ಲಿ ನಮಗೆಲ್ಲ ಗೊತ್ತಿತ್ತು.

ನನ್ನ ಗಂಡ ಪಂಪಣ್ಣನಿಗೆ ಫೋನ್ ಮಾಡಿ, ಸೇತುವೆಯ ಹತ್ತಿರ ಸಿಕ್ಕಿಕೊಂಡಿದ್ದೇವೆ ಎಂದರು. ಆ ಕಡೆಯ ಧ್ವನಿ ನಮಗೂ ಕೇಳುವಷ್ಟು ದೊಡ್ಡದಾಗಿತ್ತು. "ನಮ್ಮ ಲಾರಿನೂ ಅದರಾಗ ಅದಾವು ನೋಡ್ರಿ! ಇರ್ಲಿ ಬಿಡ್ರಿ, ನೀವು ತಿರುಗಿ ಹೋಗಿಬಿಡ್ರಿ. ದಾರಿನ ಅಡ್ಡ ಬಂತಂದ್ರ ಶಕುನ ಭಾಳ ಚಲೋ ಅಲ್ಲ. ಮುಂದ ನೋಡೋಣಂತ."

ಮುಂದ ನೋಡೋಣಂತ ಎಂಬ ಮಾತನ್ನು ಮುಗಿಯಿತು ಎಂದು ಅರ್ಥ ಮಾಡಿಕೊಳ್ಳುವುದನ್ನು ನಾವು ಆ ಹೊತ್ತಿಗೆ ಕಲಿತಿದ್ದೆವು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳೋ ಕಣ್ಣೀರೋ ತಿಳಿಯಲಿಲ್ಲ, ಸೆರಗಂತೂ ಕೆಂಪಾಯಿತು. ಬಸವರಾಜ, "ಬುತ್ತಿ ಬಿಚ್ಚಬೇ ಅವ್ವಾ, ಹಸಿವಾಗೈತಿ" ಎಂದ. ಅವನಿಗೆ ಹಸಿವಾಗಿರಲಿಲ್ಲ. ಅವಳ ಕೈಗೊಂದು ಕೆಲಸ ಕೊಟ್ಟನಷ್ಟೆ.

ಸೇತುವೆಯ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದೆವು. ಬಸವರಾಜ ಬನಿಯನ್ನಿನಲ್ಲಿದ್ದ, ತಲೆಗೆ ಟವೆಲ್ ಸುತ್ತಿದ್ದ, ಹುಬ್ಬು ಮೀಸೆಗಳೆಲ್ಲ ಕೆಂಪಾಗಿದ್ದವು. ಲಾರಿಗಳ ಪಕ್ಕದ ಕಾಲುದಾರಿಯಲ್ಲಿ ಸಂಡೂರಿನ ಕಡೆಯಿಂದ ಸ್ಕೂಟರೊಂದು ತೂರಿಕೊಂಡು ಬಂದು ಅವನ ಮುಂದೆ ನಿಂತಿತು. ಓಡಿಸುತ್ತಿದ್ದ ಹೆಣ್ಣುಮಗಳು ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡಿದ್ದಳು. ಕಣ್ಣೆರಡು ಮಾತ್ರ ಕಾಣುತ್ತಿದ್ದವು.

"ಅಣ್ಣಾರ, ಹೊಸಪೇಟಿಯಿಂದ ಹೆಣ್ಣು ನೋಡಾಕ ಹೊಂಟ ವ್ಯಾನು ಯಾವುದ್ರಿ?"

ಬಸವರಾಜ ಬಾಯಲ್ಲಿದ್ದ ರೊಟ್ಟಿ ನುಂಗಿ, "ಇದಾ ರೀ. ನೀವ್ಯಾರ್ರಿ?" ಎಂದ.

ಅವಳು ಒಂದು ಗಳಿಗೆ ಅವನನ್ನು, ಅವನ ಕೈಯ ರೊಟ್ಟಿಯನ್ನು, ವ್ಯಾನಿನಲ್ಲಿ ನೇತಾಡುತ್ತಿದ್ದ ಬಿಳಿ ಅಂಗಿಯನ್ನು ನೋಡಿದಳು. ಆಮೇಲೆ ದುಪಟ್ಟಾ ಬಿಚ್ಚುತ್ತ, "ನಾನು ಹೆಣ್ಣು ರೀ" ಎಂದಳು.

ನನ್ನ ಗಂಡನಿಗೆ ತುತ್ತು ನೆತ್ತಿಗೆ ಹತ್ತಿತು. ಬಸವರಾಜ ಅಂಗಿಯ ಕಡೆಗೆ ಓಡಲೋ, ನಿಂತು ಮಾತಾಡಲೋ ಎಂದು ತಿಳಿಯದೆ ಎಡಗೈಯಿಂದ ಟವೆಲ್ ಎಳೆದು ಹೆಗಲ ಮೇಲೆ ಹೊದ್ದುಕೊಂಡ. ಎಲ್ಲರಿಗಿಂತ ಹೆಚ್ಚು ಬೆದರಿದವಳು ಅವ್ವ. "ಮನ್ಯಾಗ ಹೇಳಿ ಬಂದೀಯೇನವ್ವಾ?"

"ಹೇಳಿದ್ರ ಬಿಡ್ತಿದ್ರೇನ್ರಿ ಅಮ್ಮಾರ? ಹೆರಿಗಿ ಕೇಸ್ ಬಂದೈತಿ ಅಂತ ಹೇಳಿ ಬಂದೀನಿ. ನೀವು ಇಲ್ಲಿ ಸಿಕ್ಕೊಂಡೀರಿ ಅಂತ ಮಾವ ಫೋನಿನ್ಯಾಗ ಮಾತಾಡಿದ್ದು ಕೇಳಿಸ್ತು." ಧ್ವನಿ ಗಟ್ಟಿಯಾಗಿತ್ತು; ಒಂದು ಕೈ ಮಾತ್ರ ಸ್ಕೂಟರಿನ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. "ಮಾವ ಇನ್ನೊಂದು ಕಡಿ ಮಾತು ಕೊಡಾಕ ಹೊಂಟಾನ್ರಿ. ಅವ್ರದು ಲಾರಿ ಅದಾವಂತ. ನಾನು ಕೆಲಸ ಬಿಡಬೇಕಂತ. ನೀವಾರ ಹೆಂಗದೀರಿ, ಒಂದ್ಸಲ ನೋಡಿ ಹೋಗೋಣ ಅಂತ ಬಂದೆ."

ಅವ್ವ ಕಂಪ್ಲಿಯ ಹಳೆಯ ರೀತಿ ರಿವಾಜಿನವಳು. ಬೀಗರ ಮನೆಯಲ್ಲಿ ಯಾವ ಕಾಲು ಮುಂದಿಡಬೇಕು ಎಂಬುದಕ್ಕೂ ಅವಳಲ್ಲಿ ನಿಯಮವಿತ್ತು. ಹುಡುಗಿಯೇ ಬಂದು ಹುಡುಗನನ್ನು ನೋಡುವುದಕ್ಕೆ ಮಾತ್ರ ಯಾವ ನಿಯಮವೂ ಇರಲಿಲ್ಲ. ಅವ್ವ ಹಿಡಿಕೆ ಬಿಡದ ಆ ಕೈಯನ್ನೇ ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೈಯಾಡಿಸಿ ಧೂಳು ಒರೆಸಿದಳು. "ಕುಂದ್ರವ್ವಾ. ಉಂಡಿಲ್ಲ ಅಂತ ಮಾರಿ ನೋಡಿದ್ರ ತಿಳೀತೈತಿ. ಮೊದ್ಲು ಒಂದ್ ರೊಟ್ಟಿ ಉಣ್ಣು."

ಅವಳು ಸಂಕೋಚವಿಲ್ಲದೆ ಉಂಡಳು. ಚಟ್ನಿ ಮಸ್ತ್ ಐತ್ರಿ ಎಂದು ಇನ್ನಷ್ಟು ಹಾಕಿಸಿಕೊಂಡಳು. ಅಲ್ಲಿಗೆ ಅವ್ವ ಸೋತಳು. ಚಟ್ನಿಯನ್ನು ಕೇಳಿ ಹಾಕಿಸಿಕೊಂಡವರನ್ನು ಅವಳು ಈ ಜನ್ಮದಲ್ಲಿ ಬಿಟ್ಟುಕೊಟ್ಟವಳಲ್ಲ.

ಆಮೇಲೆ ಅವರಿಬ್ಬರನ್ನೇ ಕಟ್ಟೆಯ ತುದಿಯಲ್ಲಿ ಬಿಟ್ಟೆವು. ನಾನು ಡಬ್ಬಿ ತೊಳೆಯುವ ನೆವದಲ್ಲಿ ಕೇಳಿಸುವಷ್ಟು ದೂರದಲ್ಲಿ ನಿಂತೆ. ಅಕ್ಕನಾದವಳಿಗೆ ಅಷ್ಟು ಹಕ್ಕಿದೆ.

"ಹೆರಿಗಿ ಅಂದ್ರ ಅಪರಾತ್ರ್ಯಾಗ ಕರದ್ರೂ ಹೋಗಬೇಕಾಗ್ತೈತ್ರಿ. ನಿಮಗ ನಡೀತೈತೇನು?" ಎಂದಳು ಗಿರಿಜಾ.

ಬಸವರಾಜ ಲೆಕ್ಕ ಬಿಡಿಸುವವನಂತೆ ಯೋಚಿಸಿದ. "ಒಬ್ರ ಹೋಗಬ್ಯಾಡ್ರಿ. ನಾ ಬರ್ತೀನಿ."

"ಹೆರಿಗಿ ಆಗೋತನ ಏನ್ ಮಾಡ್ತೀರಿ?"

"ಹೊರಗ ಕುಂತು ಪೇಪರ್ ತಿದ್ದತೀನಿ."

ಅವಳು ನಕ್ಕ ಸದ್ದು ಕೇಳಿತು. "ನೀವು ಏನೂ ಕೇಳಾಂಗಿಲ್ಲೇನ್ರಿ?"

"ಲಾರಿ ಐತೇನು ಅಂತ ನೀವು ಕೇಳ್ತೀರಿ ಅಂತ ಕಾಯಾಕತ್ತೀನ್ರಿ. ಎಲ್ಲಾರೂ ಅಲ್ಲಿಗಾ ನಿಲ್ಲಿಸ್ತಾರ."

ಗಿರಿಜಾ ಘಟ್ಟದವರೆಗೂ ಸಾಲುಗಟ್ಟಿ ನಿಂತ ಲಾರಿಗಳ ಕಡೆ ನೋಡಿದಳು. "ಇಷ್ಟು ಸಾಲದೇನ್ರಿ?" ಎಂದಳು.

ಅವಳು ಹೊರಟಾಗ ಅವ್ವ ದುಪಟ್ಟಾವನ್ನು ತಾನೇ ಸರಿಯಾಗಿ ಸುತ್ತಿ ಕಳಿಸಿದಳು. ಸ್ಕೂಟರು ಲಾರಿಗಳ ಮರೆಗೆ ಹೋದದ್ದೇ ತಡ, ವ್ಯಾನಿನೊಳಗೆ ನಮ್ಮೆಲ್ಲರಿಂದ ಆಣೆ ಮಾಡಿಸಿದಳು. "ಒಬ್ಬಾಕಿನಾ ಬಂದಿದ್ಲು ಅಂತ ಪಿಟ್ ಅನ್ನಬ್ಯಾಡ್ರಿ. ಆ ಹುಡುಗಿ ಮನ್ಯಾಗ ತಲಿ ಎತ್ತಿ ಓಡಾಡಬೇಕು." ಆಮೇಲೆ ಅವಳಿಗೆ ಬೇರೆ ಚಿಂತೆ ಹತ್ತಿತು. "ಅಲ್ಲೇ, ಬಂದಾಕಿ ಅಣ್ಣಾರ ಅಂದ್ಲಲ್ಲೇ! ನಡೀತೈತೇನು?" ನನ್ನ ಗಂಡ, "ಅದು ರಸ್ತೆ ಮ್ಯಾಲಿನ ಅಣ್ಣ ಬಿಡ್ರಿ ಅತ್ತೀ, ಸಂಬಂಧಕ್ಕ ಬರಂಗಿಲ್ಲ" ಎಂದು ತೀರ್ಪು ಕೊಟ್ಟರು.

ಕೆಲವು ದಿನ ಬಿಟ್ಟು ಪಂಪಣ್ಣನೇ ಹೊಸಪೇಟೆಯ ನಮ್ಮ ಮನೆಗೆ ಬಂದ. ಬ್ಯಾಡ ಎಂದು ಎದುರಿಗೇ ಹೇಳಿ ಹೋಗುವುದು ಮರ್ಯಾದೆ ಎಂದುಕೊಂಡಿದ್ದ ಒಳ್ಳೆಯ ಮನುಷ್ಯ. ಅವ್ವನೂ ಅವತ್ತು ನಮ್ಮಲ್ಲೇ ಇದ್ದಳು. ಫ್ಯಾನಿನ ಕೆಳಗೆ ಕೂತು, ಚಹಾ ಕುಡಿದು, "ನೀವು ಹುಡುಗಿನ್ನ ಇನ್ನೂ ನೋಡಿಲ್ಲ, ಹಿಂಗಾಗಿ ಯಾರಿಗೂ ಬ್ಯಾಸರಿಲ್ಲ" ಎಂದು ಪೀಠಿಕೆ ಹಾಕಿದ. ಅವನ ಕಣ್ಣು ನಿದ್ದೆಯಿಲ್ಲದೆ ಊದಿದ್ದವು.

"ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಅವ್ವ ಕೇಳಿದಳು.

ಅಷ್ಟು ಕೇಳಿದ್ದೇ ಸಾಕಾಯಿತು. ಟೈರು, ಡ್ರೈವರು, ಬ್ಯಾಂಕಿನ ಕಂತು, ಚೆಕ್‌ಪೋಸ್ಟು ಎಂದು ಪಂಪಣ್ಣ ಎದೆಯ ಭಾರವನ್ನೆಲ್ಲ ಇಳಿಸಿದ. "ಫೋನ್ ಬಡಕೊಂಡ್ರ ಎದಿ ಧಸಕ್ ಅಂತೈತ್ರಿ. ಲಾರಿ ತಗೊಂಡ ಮ್ಯಾಲೆ ಕಣ್ತುಂಬ ನಿದ್ದಿನಾ ಮಾಡಿಲ್ಲ ನೋಡ್ರಿ."

ಅವ್ವ ಮೆಲ್ಲಗೆ, "ಅಂಥಾ ನಿದ್ದಿಗೆಟ್ಟ ಮನಿಗೇ ಹುಡುಗಿನ್ನ ಕೊಡಬೇಕಂತೀರೇನಣ್ಣಾ?" ಎಂದಳು.

ಪಂಪಣ್ಣ ಖಾಲಿ ಕಪ್ಪನ್ನು ಕೈಯಲ್ಲಿ ತಿರುಗಿಸಿದ. ಕೊನೆಗೆ, "ನೋಡದಾ ನಿಮಗ ಹೆಂಗ ಒಪ್ಪಿಗಿ ಆದ್ಲ್ರಿ?" ಎಂದು ಕೇಳಿದ. ಜನ್ಮದಲ್ಲಿ ಸುಳ್ಳಾಡದ ನಮ್ಮ ಅವ್ವ ಅವನ ಮುಖವನ್ನೇ ನೇರ ನೋಡಿ, "ಸಾಕಿದ ಮಾವನ್ನ ನೋಡಿದ್ರ ಹುಡುಗಿ ಎಂಥಾಕಿ ಅಂತ ತಿಳಿಯಂಗಿಲ್ಲೇನ್ರಿ?" ಎಂದಳು. ಅವನು ಎರಡನೆಯ ಸಲ ಚಹಾ ಕೇಳಲಿಲ್ಲ, ನಾನೇ ತಂದುಕೊಟ್ಟೆ; ಕುಡಿದು, ಮುಂದಿನ ಭಾನುವಾರ ಬರ್ರಿ ಎಂದು ಹೇಳಿ ಹೋದ.

ಆ ಭಾನುವಾರ ದಾರಿ ತೆರೆದಿತ್ತು. ಸಂಡೂರಿನ ಮನೆಯಲ್ಲಿ ಎಲ್ಲವೂ ಶಾಸ್ತ್ರದ ಪ್ರಕಾರ ನಡೆಯಿತು. ಗಿರಿಜಾ ರೇಷ್ಮೆ ಸೀರೆಯುಟ್ಟು, ತಲೆ ತಗ್ಗಿಸಿಕೊಂಡು ಉಪ್ಪಿಟ್ಟಿನ ತಟ್ಟೆ ತಂದಳು. ಬಸವರಾಜ ಬಿಳಿ ಅಂಗಿಯಲ್ಲಿ ಬೆವೆತ. ಅವ್ವ ಗಂಭೀರವಾಗಿ, "ಏನವ್ವಾ ನಿನ್ನ ಹೆಸರು?" ಎಂದು ಕೇಳಿದಳು. ಗಿರಿಜಾ ಅಷ್ಟೇ ಗಂಭೀರವಾಗಿ ಹೇಳಿದಳು. ಪಂಪಣ್ಣ ಅಭಿಮಾನದಿಂದ, "ಡ್ಯೂಟಿ ಬಿಟ್ರ ಒಬ್ಬಾಕಿನಾ ಹೊಸ್ತಿಲ ದಾಟಿದಾಕಿ ಅಲ್ರಿ ನಮ್ಮ ಹುಡುಗಿ" ಎಂದಾಗ ನನ್ನ ಗಂಡ ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಸಿಕ್ಕಿತೆಂದು ಎದ್ದು ಹೊರಗೆ ಹೋಗಿಬಿಟ್ಟರು.

ಇಂದಿಗೂ ಸಂಡೂರಿನ ಆ ಬೀದಿಯಲ್ಲಿ ಇದು ಹಿರಿಯರು ನೋಡಿ ಮಾಡಿದ ಮದುವೆ ಎಂದೇ ಹೆಸರು. ಮಾತು ಸುಳ್ಳೇನಲ್ಲ, ನೋಡಿದ್ದೇನೋ ಹಿರಿಯರೇ. ಎಲ್ಲಿ ನೋಡಿದಿರಿ ಎಂದು ಯಾರೂ ಕೇಳಲಿಲ್ಲ ಅಷ್ಟೆ.