ಕಂಡಕ್ಟರ್ ಬಿಸಾಡಿದ ನನ್ನ ಬ್ಯಾಗು

ನಮ್ಮ ಸಿಟಿ ಬಸ್ಸುಗಳಲ್ಲಿ ನಿಂತವರ ಬ್ಯಾಗನ್ನು ಕೂತವರು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಕೇಳಬೇಕೆಂದಿಲ್ಲ. ಅವರು ಕೈ ಚಾಚುತ್ತಾರೆ, ನಾವು ಕೊಡುತ್ತೇವೆ. ನಾನು ಮಾತ್ರ ಲ್ಯಾಪ್‌ಟಾಪ್ ಇರುವ ಬ್ಯಾಗನ್ನು ಯಾರ ಕೈಗೂ ಕೊಡುವವನಲ್ಲ. ನನ್ನ ಬಗ್ಗೆ ನಾನು ಹಾಗೆ ತಿಳಿದಿದ್ದೆ.

ತೊಕ್ಕೊಟ್ಟಿನ ಆಚೆಯ ಕಾಲೇಜೊಂದರಲ್ಲಿ ಪಾಠ ಮುಗಿಸಿ ಕುಲಶೇಖರದ ಮನೆಗೆ ಬರಲು ಕಂಕನಾಡಿಯಲ್ಲಿ ಬಸ್ಸು ಬದಲಿಸುತ್ತೇನೆ. ಆ ಬುಧವಾರ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ, ಪರದೆಯಲ್ಲಿ ಒಂದು ಬಿಂದುವಿನಿಂದ ಹೊರಟ ಬಿರುಕುಗಳು ಒಡೆದ ಹಪ್ಪಳದ ಹಾಗೆ ಹರಡಿದ್ದವು.

"ಕಂಡಕ್ಟರ್ ಬಿಸಾಡಿದ," ಎಂದೆ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ಹೆಂಡತಿಗೆ. ಹೇಳುತ್ತಿದ್ದಂತೆ ಎಲ್ಲವೂ ಕಣ್ಣಿಗೆ ಕಟ್ಟಿತು. ನೇತ್ರಾವತಿ ಸೇತುವೆಯ ಮೇಲೆ, ಉಸಿರಾಡಲು ಜಾಗವಿಲ್ಲದ ಬಸ್ಸಿನಲ್ಲಿ, ಅವನು ನನ್ನ ಬೆನ್ನಿನಿಂದ ಬ್ಯಾಗು ಕಿತ್ತು ಡ್ರೈವರನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಎಸೆದಿದ್ದ. ಬಿಸಾಡಿದ್ದನ್ನು ನೀವೇ ನೋಡಿದಿರಾ ಎಂದು ಅವಳು ಕೊಂಕಣಿಯಲ್ಲಿ ಕೇಳಿದಳು. ನೋಡಿದೆ ಎಂದೆ. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳುವಾಗ 'ತಡ್' ಎಂಬ ಶಬ್ದವೂ ಸೇರಿಕೊಂಡಿತು. ಸಂಜೆ ಬಸ್ಸಿನ ಮಾಲೀಕರಿಗೆ ಎರಡು ಪುಟದ ದೂರು ಬರೆದೆ.

ವಾರ ಕಳೆದ ಮೇಲೆ ಅವರ ಫೋನ್ ಬಂತು. "ಸರ್, ಒಮ್ಮೆ ಜೆಪ್ಪಿನ ಗ್ಯಾರೇಜಿಗೆ ಬರ್ಲಿಕ್ಕೆ ಆಗ್ತದಾ? ಆ ಕಂಡಕ್ಟರನನ್ನು ಸದ್ಯ ಡ್ಯೂಟಿಯಿಂದ ಇಳಿಸಿದ್ದೇನೆ. ನಿಮ್ಮೆದುರೇ ಮಾತಾಡಿ ಮುಗಿಸುವಾ."

ಶನಿವಾರ ಬೆಳಿಗ್ಗೆ ಹೋದೆ. ಗ್ಯಾರೇಜಿನ ಹಿಂದೆ ಚಿಕ್ಕದೊಂದು ಆಫೀಸು. ಎರಡು ಹೋಟೆಲನ್ನೂ ನಡೆಸುವ ಆ ಮಾಲೀಕರು ಎದ್ದು ನಿಂತು ಕೈಮುಗಿದರು. ಬಾಗಿಲ ಬಳಿ ಗೀಟಿನ ಅಂಗಿಯ ಒಬ್ಬ ನಿಂತಿದ್ದ. ಯಾರೋ ಮೆಕ್ಯಾನಿಕ್ ಇರಬೇಕು ಅಂದುಕೊಂಡೆ.

"ಇವನೇ ಅಲ್ವಾ ಸರ್?"

ಖಾಕಿ ಇಲ್ಲದ ಆ ಮುಖದ ಗುರುತು ನನಗೆ ಸಿಗಲಿಲ್ಲ. ಆದರೂ "ಹೌದು" ಎಂದೆ.

"ಹದಿನಾಲ್ಕು ವರ್ಷ ಆಯ್ತು ಸರ್ ಈ ಕೆಲ್ಸಕ್ಕೆ ಬಂದು," ಎಂದ ಕಂಡಕ್ಟರ್. "ಜನರಿಗೆ ಬೈದದ್ದುಂಟು, ಇಲ್ಲ ಅಂತ ಹೇಳುದಿಲ್ಲ. ಬ್ಯಾಗ್ ಬಿಸಾಡ್ಲಿಲ್ಲ."

"ನೀನು ಸ್ವಲ್ಪ ಸುಮ್ನಿರು ಮಾರಾಯ," ಎಂದು ಮಾಲೀಕರು ನನ್ನ ಕಡೆ ತಿರುಗಿದರು. "ಬಿಸಾಡಿದ್ದು ಹೌದಾದ್ರೆ ಇವನು ಇವತ್ತೇ ಮನೆಗೆ. ಬೇರೆ ಬಸ್ಸಿನವರೂ ತೆಕ್ಕೊಳ್ಳುದಿಲ್ಲ, ನಾವೆಲ್ಲ ಒಬ್ಬರಿಗೊಬ್ಬರು ಹೇಳಿಯೇ ಹೇಳ್ತೇವೆ. ಆದ್ರೆ ಬಸ್ಸಲ್ಲಿ ಕ್ಯಾಮರಾ ಉಂಟು. ಆ ದಿನದ್ದನ್ನು ತೆಗೆಸಿ ಇಟ್ಟಿದ್ದೇನೆ. ನಾನೂ ನೋಡ್ಲಿಲ್ಲ, ಒಟ್ಟಿಗೆ ನೋಡುವಾ ಅಂತ."

ನನಗೆ ಖುಷಿಯೇ ಆಯಿತು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಪುರಾವೆ ಇಲ್ಲದೆ ನಂಬಬೇಡಿ ಎಂದು ತರಗತಿಯಲ್ಲಿ ಪ್ರತಿ ವರ್ಷ ಹೇಳುವವನು ನಾನು.

ವಿಡಿಯೊದಲ್ಲಿ ಶಬ್ದವಿರಲಿಲ್ಲ. ಸೇತುವೆಯ ಕಂಬಿಗಳು ಕಿಟಕಿಯಾಚೆ ಓಡುತ್ತಿದ್ದವು. ಜನರ ನಡುವೆ ನಾನೂ ಕಾಣಿಸಿಕೊಂಡೆ. ಕಂಡಕ್ಟರ್ ಏನೋ ಹೇಳಿದ. ನಾನೇ ಬ್ಯಾಗನ್ನು ಬೆನ್ನಿನಿಂದ ಇಳಿಸಿ ಕೊಟ್ಟೆ. ಅವನು ಎರಡೂ ಕೈಯಿಂದ ಅದನ್ನು ಹಿಡಿದು, ಬಾಯಿ ತೆರೆದಿದ್ದ ಜಿಪ್ಪನ್ನು ಎಳೆದು ಮುಚ್ಚಿ, ಸೀಟಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರ ಮಡಿಲಲ್ಲಿಟ್ಟ. ಅವರು ಅದನ್ನು ತಬ್ಬಿ ಕೂತರು. ನಾನು ಕಂಡಕ್ಟರನಿಗೆ ಏನೋ ಹೇಳಿ ನಕ್ಕೆ. ಅವನೂ ನಕ್ಕ.

ಆ ಹೆಂಗಸನ್ನು ನಾನು ಜೀವಮಾನದಲ್ಲಿ ನೋಡಿದ ನೆನಪಿಲ್ಲ.

"ಇದು ಆ ದಿನದ್ದಲ್ಲ," ಎಂದೆ.

ಮಾಲೀಕರು ಪರದೆಯ ಮೂಲೆಯ ದಿನಾಂಕದ ಮೇಲೆ ಬೆರಳಿಟ್ಟರು. ನಾನು ವಿಡಿಯೊದಲ್ಲಿದ್ದವನ ಅಂಗಿಯನ್ನು ನೋಡಿದೆ, ಚಪ್ಪಲಿಯನ್ನು ನೋಡಿದೆ. ಎಲ್ಲ ನನ್ನವೇ. ಬಸ್ಸು ಕಂಕನಾಡಿಗೆ ಬಂತು. ಹೆಂಗಸು ಬ್ಯಾಗು ಎತ್ತಿ ಕೊಟ್ಟರು. ನಾನು ಅದನ್ನು ಒಂದೇ ಹೆಗಲಿಗೆ ಹಾಕಿ ಗಕ್ಕನೆ ತಿರುಗಿದೆ. ಬ್ಯಾಗು ಬೀಸಿಕೊಂಡು ಹೋಗಿ ಬಾಗಿಲ ಬಳಿಯ ಕಬ್ಬಿಣದ ಕಂಬಕ್ಕೆ ಬಡಿಯಿತು. ಪರದೆಯ ಮೇಲಿನ ನಾನು ನಿಂತು, ಹಿಂದೆ ತಿರುಗಿ, ಕಂಡಕ್ಟರನನ್ನು ದುರುಗುಟ್ಟಿ ನೋಡಿದೆ. ಅವನು ಅಷ್ಟು ದೂರದಲ್ಲಿ, ನನಗೆ ಬೆನ್ನು ಹಾಕಿ ಯಾರಿಗೋ ಟಿಕೆಟ್ ಕೊಡುತ್ತಿದ್ದ.

"ಇನ್ನೊಮ್ಮೆ ಹಾಕಿ," ಎಂದೆ.

ಹಾಕಿದರು. ಮತ್ತೊಮ್ಮೆ ಎಂದೆ. ಮೂರನೆಯ ಸಲವೂ, ಈಗ ಎಸೆಯುತ್ತಾನೆ, ಈಗ ಎಸೆಯುತ್ತಾನೆ ಎಂದು ಕಾದೆ. ಎಸೆಯಲಿಲ್ಲ. ಈ ಒಂದು ನೆನಪನ್ನು ನಾನೇ ಹೆಣೆದಿದ್ದರೆ, ನಾನು ಖಂಡಿತ ಎಂದುಕೊಂಡಿರುವ ಉಳಿದವುಗಳಲ್ಲಿ ಎಷ್ಟನ್ನು ಹೆಣೆದಿದ್ದೇನೆ? ಅವುಗಳಿಗೆಲ್ಲ ಕ್ಯಾಮರಾ ಇರಲಿಲ್ಲ.

"ಚಾರ್ಜರ್ ಕೂಡ ಲ್ಯಾಪ್‌ಟಾಪಿನ ಖಾನೆಯಲ್ಲೇ ಇಟ್ಟಿದ್ರಾ ಸರ್?" ಎಂದು ಮಾಲೀಕರು ಮೆತ್ತಗೆ ಕೇಳಿದರು. "ನನ್ನ ಮಗಳದ್ದೂ ಹಾಗೇ ಹೋದದ್ದು. ಪ್ಲಗ್ ಸ್ಕ್ರೀನಿಗೆ ಒತ್ತಿಕೊಂಡಿರ್ತದೆ, ಒಂದು ಪೆಟ್ಟು ಸಾಕು."

ಇಟ್ಟಿದ್ದೆ. ಯಾವಾಗಲೂ ಹಾಗೆಯೇ ಇಡುತ್ತಿದ್ದೆ, ಮೂರು ಪಿನ್ನುಗಳ ಆ ದಪ್ಪ ಪ್ಲಗ್ಗನ್ನು ಪರದೆಗೆ ತಾಗಿಸಿ.

ನಾನು ಕಂಡಕ್ಟರನ ಕಡೆ ತಿರುಗಿ, "ತಪ್ಪು ನನ್ನದು, ಕ್ಷಮಿಸಿ," ಎಂದೆ.

"ಪರ್ವಾಗಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಸರ್," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ವಾರ ಮನೆಯಲ್ಲಿ ಕೂತೆ. ಹೆಂಡತಿ ಕೂಡ ಕೇಳಿದ್ಲು, ನಿಜವಾಗಿ ಬಿಸಾಡಿದ್ರಾ ಅಂತ. ಮೊದಲೆರಡು ದಿನ ಇಲ್ಲ ಅಂದೆ. ಮತ್ತೆ ನಂಗೇ ಡೌಟ್ ಬಂತು. ಇಷ್ಟೆಲ್ಲ ಓದಿದವ್ರು ಎರಡು ಪುಟ ಬರ್ದಿದ್ದಾರೆ, ರಶ್ಶಲ್ಲಿ ಬಿಸಾಡಿದ್ದೆನಾ ಎಂತ ಅಂತ. ನಿನ್ನೆ ರಾತ್ರಿ ನಂಗೂ ಹಾಗೇ ಕಂಡಿತು, ನಾನು ಬಿಸಾಡಿದ ಹಾಗೆ."

ನನ್ನ ಸುಳ್ಳು ನೆನಪು ಅವನ ತಲೆಯೊಳಗೂ ಹೋಗಿ ಕೂತಿತ್ತು.

"ಬರ್ದು ಕೊಡಿ ಸರ್," ಎಂದ. "ಬಾಯಲ್ಲಿ ಹೇಳಿ ಹೋದ್ರೆ, ನಾಳೆ ನಿಮ್ಗೆ ಮತ್ತೆಂತಾದ್ರೂ ನೆನಪಾದ್ರೆ?"

ಮಾಲೀಕರು ಗಟ್ಟಿಯಾಗಿ ನಕ್ಕು, ನಮ್ಮಿಬ್ಬರ ಮುಖ ನೋಡಿ ನಿಲ್ಲಿಸಿದರು. ಒಂದು ಹಾಳೆ ಮುಂದೆ ತಳ್ಳಿದರು. 'ನನಗೆ ನೆನಪಿರುವ ಪ್ರಕಾರ' ಎಂದು ಕೈ ತಾನಾಗಿ ಬರೆಯಿತು. ಅದನ್ನು ಗೀಟೆಳೆದು ಹೊಡೆದುಹಾಕಿ, ಪರದೆಯಲ್ಲಿ ಕಂಡದ್ದನ್ನು ಮಾತ್ರ ಒಂದರ ಕೆಳಗೊಂದು ಬರೆದೆ. ಅರ್ಧ ಪುಟವೂ ಆಗಲಿಲ್ಲ.

ಕಂಡಕ್ಟರ್ ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ. ನಂತರ ಮೇಜಿನ ಮೇಲೆ ನೀಟಾಗಿ ಇಟ್ಟು, ಮೊಬೈಲಿನಲ್ಲಿ ಅದರ ಫೋಟೊ ತೆಗೆದ.

"ಅದೆಂತಕ್ಕೆ ಮಾರಾಯ? ಕಾಗದ ನನ್ನ ಹತ್ರ ಉಂಟಲ್ಲ," ಎಂದರು ಮಾಲೀಕರು.

"ಮನೆಗೆ ಕಳಿಸ್ತೇನೆ ಧಣಿ. ಅವಳು ಓದ್ಲಿ."

ಕಳಿಸಿದ. ಅವಳು ನೋಡಿದ ಗುರುತು ಬರುವವರೆಗೆ ಮೊಬೈಲನ್ನು ಕೈಯಲ್ಲೇ ಹಿಡಿದು ನಿಂತ. ಆಮೇಲೆ ಅದನ್ನು ಜೇಬಿಗೆ ಹಾಕಿ, "ಹನ್ನೊಂದೂವರೆ ಟ್ರಿಪ್ಪಿಗೆ ನಾನೇ ಹೋಗ್ಲಾ?" ಎಂದು ಕೇಳಿದವನು, ಉತ್ತರಕ್ಕೆ ಕಾಯದೆ ಬಸ್ಸುಗಳು ನಿಂತಿದ್ದ ಕಡೆ ಓಡಿದ.