ನನ್ನ ಕಿವಿಗೆ ಇಳು ಎಂದರೆ ಇಳಿಸುವುದೇ

ಬಾಳೆಕಾಯಿ ತೊಳೆಯುವ ತೊಟ್ಟಿಯ ಮುಂದೆ ಹನ್ನೊಂದು ವರ್ಷ ನಿಂತೆ. ಬಾಳೆಯ ಸೊನೆ ಕೈಗೆ ಹತ್ತಿದರೆ ಹೋಗುವುದಿಲ್ಲ. ಕಪ್ಪು ಹಾಗೇ ಉಳಿಯುತ್ತದೆ. ತಮಿಳುನಾಡಿನಲ್ಲಿ, ಉತ್ತಮಪಾಳಯದ ಹತ್ತಿರ ನಮ್ಮ ಪ್ಯಾಕಿಂಗ್ ಶೆಡ್ಡು. ಪೆಟ್ಟಿಗೆಗಳನ್ನು ತಣ್ಣನೆಯ ಕೋಣೆಯಲ್ಲಿ ಅಟ್ಟದ ಮೇಲಿಡಲು ಒಂದು ಫೋರ್ಕ್‌ಲಿಫ್ಟ್ ಇದೆ. ಅದನ್ನು ಓಡಿಸುತ್ತಿದ್ದ ಗಂಡಸರು ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋದರು. ಎರಡನೆಯವನು ಹೇಳಿಯೂ ಹೋಗಲಿಲ್ಲ.

ಮ್ಯಾನೇಜರು ನಮ್ಮ ಜನವೇ. ಮನೆಯಲ್ಲಿ ಕನ್ನಡ ಆಡುವವನು, ನನ್ನನ್ನು ಅತ್ತೆ ಎನ್ನುತ್ತಾನೆ. ದಿಂಡಿಗಲ್ಲಿನಿಂದ ಇನ್ನೊಬ್ಬನನ್ನು ಕರೆಸುತ್ತೇನೆ ಎಂದ. ನಾನೇ ಓಡಿಸುತ್ತೇನೆ ಎಂದೆ.

"ಅತ್ತೆ, ಅದು ಎತ್ತಿನ ವಂಡಿ ಅಲ್ಲ."

"ಟ್ರ್ಯಾಕ್ಟರ್ ಲೈಸೆನ್ಸು ನಂಗದೆ. ನಿಂಗದಾ?"

ಅವನಿಗೆ ಇರಲಿಲ್ಲ. ತೊಟ್ಟಿಯ ಹತ್ತಿರದ ಹೆಂಗಸರು ನಕ್ಕರು. ಆ ನಗು ಅವನಿಗೆ ಚುಚ್ಚಿತು.

"ಸರಿ, ಓಗು. ದಿಂಡಿಗಲ್ಲಲ್ಲಿ ಐದು ದಿನ ಕಲಿಸ್ತಾರೆ, ಟೆಸ್ಟು ತಿಂಗಳಿಗೆ ಒಂದೇ. ಒಂದನೇ ತಾರೀಕಿನೊಳಗೆ ಲೈಸೆನ್ಸಲ್ಲಿ ಬರ್ಸಿಕೊಂಡು ಬಂದ್ರೆ ವಂಡಿ ನಿಂದು. ಇಲ್ಲಾಂದ್ರೆ ಅವ್ನು ಬತ್ತಾನೆ, ನೀನು ತೊಟ್ಟಿಗೆ."

ಬೆಳಗಿನ ಮೊದಲ ಬಸ್ಸಿಗೆ ದಿಂಡಿಗಲ್ಲಿಗೆ ಹೋದೆ. ಕಲಿಸುವವನು ನನ್ನ ಮಗನ ವಯಸ್ಸಿನವನು, ತಮಿಳರವನು. ಕಲಿಯುವವರು ಆರು ಜನ ಗಂಡಸರು ಮತ್ತು ನಾನು. ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರ ತಿರುಗುತ್ತದೆ, ಹಿಂಭಾಗ ಸುಮ್ಮನೆ ಹಿಂಬಾಲಿಸುತ್ತದೆ. ಇದರಲ್ಲಿ ತಿರುಗುವುದೇ ಹಿಂದಿನ ಚಕ್ರ. ಮೊದಲ ದಿನ ಬಾಲ ಬೀಸಿ ಎರಡು ಕಂಬ ಕೆಡವಿದೆ. ಎರಡನೇ ದಿನ ಒಂದನ್ನೂ ಕೆಡವಲಿಲ್ಲ.

ಮೂರನೇ ದಿನ ಭಾರ ಎತ್ತುವ ಪಾಠ. ಒಂದು ಹಿಡಿಕೆ ಇದೆ. ನಮ್ಮ ಕಡೆಗೆ ಎಳೆದರೆ ಭಾರ ಮೇಲಕ್ಕೆ ಹೋಗುತ್ತದೆ, ಆಚೆಗೆ ತಳ್ಳಿದರೆ ಕೆಳಕ್ಕೆ ಬರುತ್ತದೆ. ಮರಳು ಮೂಟೆಗಳ ಹಲಗೆಯನ್ನು ಎರಡನೇ ಅಟ್ಟದ ಮುಂದಕ್ಕೆ ಎತ್ತಿದ್ದೆ. ಇನ್ನೊಂದು ಗೇಣು ಮೇಲೆ ಹೋಗಬೇಕಿತ್ತು.

"ಪಾಟ್ಟಿ, ಇಳು! ಇಳು!" ಎಂದು ಅವನು ಕಿರುಚಿದ.

ಪಾಟ್ಟಿ ಎಂದರೆ ಅಜ್ಜಿ. ತಮಿಳಿನಲ್ಲಿ ಇಳು ಎಂದರೆ ಎಳೆ. ನಮ್ಮ ಮನೆಯಲ್ಲಿ ಇಳು ಎಂದರೆ ಕೆಳಗೆ ಇಳಿ. ಹುಟ್ಟಿದಾಗಿನಿಂದ ಎರಡೂ ಮಾತು ಆಡಿದವಳು ನಾನು. ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಆದರೆ ತಲೆಯ ಮೇಲೆ ಭಾರ ನಿಂತಿರುವಾಗ ಒಬ್ಬ ಕಿರುಚಿದರೆ ಕಿವಿ ತಾಯಿಮನೆಗೆ ಓಡುತ್ತದೆ. ನಾನು ಹಿಡಿಕೆಯನ್ನು ಆಚೆಗೆ ತಳ್ಳಿದೆ. ಹಲಗೆ ಅಟ್ಟದ ಅಂಚಿಗೆ ಸಿಕ್ಕಿ ವಾಲಿತು. ಮೂಟೆಗಳು ಜಾರಿ ಬಿದ್ದು ಒಡೆದವು.

"ಪಾಟ್ಟಿ! ತಮಿಳ್ ತೆರಿಯಾದಾ?" ತಮಿಳು ಬರುವುದಿಲ್ಲವೇ ಎಂದು ಅವನ ಕೂಗು.

"ಪಾಟ್ಟಿಗೆ ನಿದ್ದೆ ಬಂತು," ಎಂದು ಆ ಆರರಲ್ಲಿ ಒಬ್ಬ ತಮಿಳಿನಲ್ಲಿ ನಗೆ ಹಾರಿಸಿದ.

ಪೊರಕೆ ನನ್ನ ಕಡೆ ಚಾಚಿದರು. ಅದೇ ಬೆಳಿಗ್ಗೆ ಆ ನಗೆಯವನು ಮರಳು ಚೆಲ್ಲಿದಾಗಲೂ ನನ್ನ ಕಡೆಗೇ ಚಾಚಿದ್ದರು, ಮುಟ್ಟಿರಲಿಲ್ಲ. ಈಗ ಚೆಲ್ಲಿದವಳು ನಾನು. ಗುಡಿಸಿದೆ. ಗುಡಿಸಿ ಮುಗಿಸಿ ಕಲಿಸುವವನಿಗೆ ಕಾರಣ ಹೇಳಿದೆ. ಮೇಲೆ, ಕೆಳಗೆ ಎಂದು ಹೇಳು, ಸಾಕು ಎಂದೆ.

"ನಿನಗೋಸ್ಕರ ತಮಿಳನ್ನೇ ಮಾರ್ಪಡಿಸಬೇಕಾ? ಟೆಸ್ಟಿನಲ್ಲಿ ನಾನೇ ಕೂಗುವುದು. ಇದೇ ಮಾತು ಕೂಗುತ್ತೇನೆ," ಎಂದ.

ವಾಪಸು ಬಸ್ಸಿನಲ್ಲಿ ಇಳು ಎಂದರೆ ಎಳೆ, ಇಳು ಎಂದರೆ ಎಳೆ ಎಂದು ಜಪ ಮಾಡಿದೆ. ಆಂಡಿಪಟ್ಟಿ ದಾಟುವಷ್ಟರಲ್ಲಿ ಬಿಟ್ಟೆ. ಹುಣಸೆಮರ ಹತ್ತಿದಾಗಲೆಲ್ಲ ಅಮ್ಮ ಕೋಲು ಹಿಡಿದು ಕೂಗಿದ ಮಾತು ಅದು. ಅಷ್ಟು ವರ್ಷ ಕೂತದ್ದು ಎರಡು ದಿನದಲ್ಲಿ ಎದ್ದು ಹೋಗುವುದಿಲ್ಲ. ಎಬ್ಬಿಸುವ ಮನಸ್ಸೂ ನನಗಿರಲಿಲ್ಲ.

ಅವರು ಕೊಟ್ಟ ಪುಸ್ತಕ ತೆಗೆದೆ. ನಾನು ಐದನೇ ಕ್ಲಾಸಿಗೆ ಬಿಟ್ಟವಳು, ಮೊದಲು ಚಿತ್ರ ನೋಡುತ್ತೇನೆ, ಆಮೇಲೆ ಅಕ್ಷರ. ಒಂದು ಪುಟದ ತುಂಬ ಕೈಗಳ ಚಿತ್ರ. ಬೆರಳು ಮೇಲೆ ತೋರಿಸಿದರೆ ಎತ್ತು, ಕೆಳಗೆ ತೋರಿಸಿದರೆ ಇಳಿಸು. ಅಡಿಯಲ್ಲಿದ್ದ ತಮಿಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಭಾರ ಎತ್ತುವಾಗ ಕೂಗಬಾರದು, ಕೈಯಲ್ಲೇ ತೋರಿಸಬೇಕು ಎಂದು ಬರೆದಿತ್ತು. ಕಲಿಸುವವನು ಮೂರು ದಿನದಲ್ಲಿ ಒಂದು ಬೆರಳೂ ಎತ್ತಿರಲಿಲ್ಲ.

ಟೆಸ್ಟಿನ ದಿನ ಇನ್‌ಸ್ಪೆಕ್ಟರು ಬಂದರು. ನನ್ನ ಸರದಿ ಬಂದಾಗ ಸೀಟಿನ ಮೇಲೆ ಕೂತೆ, ಎಂಜಿನ್ ಹಾಕಲಿಲ್ಲ. ಆ ಪುಟವನ್ನು ಅವರ ಮುಂದೆ ಹಿಡಿದೆ.

"ಅಯ್ಯಾ, ಇದು ರೂಲಾ, ಚುಮ್ಮಾ ಪಡಮಾ?" ಇದು ನಿಯಮವೋ, ಸುಮ್ಮನೆ ಚಿತ್ರವೋ ಎಂದು ಕೇಳಿದೆ.

ಅವರು ಕಲಿಸುವವನ ಮುಖ ನೋಡಿದರು. ಅವನು ತನ್ನ ಚಪ್ಪಲಿ ನೋಡಿಕೊಂಡ.

"ರೂಲುದಾನ್," ನಿಯಮವೇ ಎಂದರು ಇನ್‌ಸ್ಪೆಕ್ಟರು.

"ಹಾಗಾದರೆ ಇವನ ಬಾಯಿ ಮುಚ್ಚಿಸಿ, ಕೈ ತೋರಿಸಲಿ."

ಇನ್‌ಸ್ಪೆಕ್ಟರು ನಗಲಿಲ್ಲ. ಅವನಿಗೆ ಪುಟ ತೋರಿಸಿ ಹಾಗೇ ಮಾಡು ಎಂದರು. ಭಾರವನ್ನು ನೆಲದಿಂದ ಒಂದು ಗೇಣು ಮೇಲಿಟ್ಟು, ಮುಂದೆ ಕಾಣದ್ದರಿಂದ ಹಿಮ್ಮುಖವಾಗಿ ಓಡಿಸಿದೆ. ಮೂಲೆಯಲ್ಲಿ ಹಾರ್ನ್ ಹೊಡೆದೆ. ಅಟ್ಟದ ಮುಂದೆ ಅವನ ಬೆರಳು ಮೇಲಕ್ಕೆ ಹೋಯಿತು, ಎಳೆದೆ. ಕೆಳಕ್ಕೆ ಬಂತು, ತಳ್ಳಿದೆ. ಹಲಗೆ ಎಲ್ಲಿಯೂ ತಾಗದೆ ಕೂತಿತು.

ಪಾಸು. ನಿದ್ದೆಯ ನಗೆ ಹಾರಿಸಿದವನು ಮೂಲೆಯಲ್ಲಿ ಹಾರ್ನ್ ಮರೆತು ಫೇಲಾದ. ನನಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ.

ತೇನಿಯ ಆರ್‌ಟಿಓ ಕಚೇರಿಯಲ್ಲಿ ಲೈಸೆನ್ಸಿಗೆ ಸೇರಿಸಿ ಕೊಟ್ಟಾಗ ಒಂದನೇ ತಾರೀಕಿಗೆ ಎರಡು ದಿನ ಉಳಿದಿತ್ತು. ನೇರ ಶೆಡ್ಡಿಗೆ ಹೋಗಿ ಮ್ಯಾನೇಜರನ ಮೇಜಿನ ಮೇಲಿಟ್ಟೆ. ಅವನು ತಿರುವಿ ತಿರುವಿ ನೋಡಿದ.

"ಫೋಟೋದಲ್ಲಿ ಸಂಡೆಗೆ ನಿಂತಂಗಿದ್ದೀಯಲ್ಲ ಅತ್ತೆ."

"ಜಗಳಕ್ಕೇ ನಿಂತಿದ್ದೆ. ದಿಂಡಿಗಲ್ಲಿನವ್ನಿಗೆ ಫೋನ್ ಮಾಡು."

ಮಾಡಿದ. ಸ್ವಲ್ಪ ದಿನ ಬಿಟ್ಟು ಬಾ ತಂಬಿ ಎಂದು ತಮಿಳಿನಲ್ಲಿ ಹೇಳುತ್ತಿದ್ದ.

"ಸ್ವಲ್ಪ ದಿನ ಅಲ್ಲ. ಬರೋದೇ ಬ್ಯಾಡ ಅಂತ ಹೇಳು."

"ಅತ್ತೆ, ನಿಂಗೆ ಒಂದ್ ದಿನ ಮೈಗಾಗದೆ ಓದ್ರೆ..."

"ಅವತ್ತು ನೋಡುವ. ಇವತ್ತು ಹೇಳು."

ಹೇಳಿದ. ಅವನು ಫೋನ್ ಕೆಳಗಿಡುವವರೆಗೂ ಎದುರಿಗೇ ನಿಂತಿದ್ದೆ. ಆಮೇಲೆ ಕೈ ಚಾಚಿ ವಂಡಿಯ ಚಾವಿ ಇಸಿದುಕೊಂಡೆ.