ಬೆಳಿಗ್ಗೆಯೇ ಮುಗಿಯುತ್ತಿದ್ದ ಜಾಹೀರಾತು

ಸುಲ್ತಾನ್ ಬಜಾರಿನ ಒಳಗಲ್ಲಿಯಲ್ಲಿ ಶಟರ್ ಎತ್ತಿ, ರೋಲರ್ ಬಿಸಿಯಾಗಲು ಸ್ವಿಚ್ ಒತ್ತಿ, ಸೂಗಮ್ಮ ಫೋನ್ ತೆರೆದಾಗ ಹತ್ತೂಕಾಲು. ಅಂದಿನ ಗೂಗಲ್ ಜಾಹೀರಾತಿಗೆ ಇಟ್ಟಿದ್ದ ಮುನ್ನೂರು ರೂಪಾಯಿ ಆಗಲೇ ಮುಗಿದಿತ್ತು. ಹದಿನಾರು ಜನ ಜಾಹೀರಾತನ್ನು ಒತ್ತಿ ನೋಡಿದ್ದರು. ಕರೆ ಮಾಡಿದವರು ಒಬ್ಬರೂ ಇಲ್ಲ. ಇನ್ನು ನಾಳೆಯವರೆಗೆ ಹೈದರಾಬಾದಿನಲ್ಲಿ ಯಾರು ಸೀರೆ ಪಾಲಿಶ್ ಎಂದು ಹುಡುಕಿದರೂ ಸೂಗಮ್ಮನ ಅಂಗಡಿ ಮೇಲ್ಗಡೆ ಕಾಣುವುದಿಲ್ಲ.

ಸೂಗಮ್ಮ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಪಕ್ಕದಲ್ಲಿ 'ಖಾಲಿ' ಎಂದು ಬರೆದರು. ಅದು ಸೆಪ್ಟೆಂಬರ್ ಆರು. ಆ ವಾರ ಬರೆದ ಐದನೆಯ 'ಖಾಲಿ'.

ಅವರಿಗೆ ನಲವತ್ತಾರು ವರ್ಷ. ಮೂಲ ಕಲಬುರಗಿ ಕಡೆ, ಮದುವೆಯಾಗಿ ಬಂದದ್ದು ದಿಲ್‌ಸುಖ್‌ನಗರಕ್ಕೆ. ಸೀರೆ ಪಾಲಿಶ್ ಅಥವಾ ರೋಲಿಂಗ್ ಅಂಗಡಿ ನಡೆಸಲು ಶುರುಮಾಡಿ ಹತ್ತೊಂಬತ್ತು ವರ್ಷ. ಸೀರೆಗೆ ನೀರು ಚಿಮುಕಿಸಿ, ಇಬ್ಬರು ಎರಡು ಅಂಚು ಹಿಡಿದು, ಬಿಸಿ ರೋಲರ್ ಮೇಲೆ ಬಿಗಿಯಾಗಿ ಸುತ್ತಬೇಕು. ಮುದುಡಿ ಬಂದ ರೇಷ್ಮೆ ಸೀರೆ ಹೊಸದರಂತೆ ನೆಟ್ಟಗಾಗಿ ಹೊರಬರುತ್ತದೆ. ಮೊದಲು ದೊಡ್ಡ ಬಟ್ಟೆ ಅಂಗಡಿಗಳೇ ದಿನಕ್ಕೆ ನಲವತ್ತು ಸೀರೆ ಕಳಿಸುತ್ತಿದ್ದವು. ಎರಡು ವರ್ಷದ ಹಿಂದೆ ಆ ಅಂಗಡಿಗಳು ತಮ್ಮದೇ ಯಂತ್ರ ತಂದವು. ಉಳಿದದ್ದು ಮನೆಗಳ ಸೀರೆ ಮಾತ್ರ. ಮನೆಯ ಹೆಂಗಸರು ಈಗ ಗಲ್ಲಿ ಗಲ್ಲಿ ಸುತ್ತಿ ಅಂಗಡಿ ಹುಡುಕುವುದಿಲ್ಲ, ಫೋನಿನಲ್ಲಿ ಹುಡುಕುತ್ತಾರೆ. ಹಾಗಾಗಿ ಜೂನ್‌ನಲ್ಲಿ ಜಾಹೀರಾತು ಹಾಕಿದರು. ಹುಡುಕಿದವರಿಗೆ ಕಂಡರೆ ಖರ್ಚಿಲ್ಲ. ಅವರು ಒತ್ತಿದರೆ ಸಲಕ್ಕೆ ಸುಮಾರು ಹದಿನೆಂಟು ರೂಪಾಯಿ.

ಅಂಗಡಿಯ ಬಾಡಿಗೆ ಕರಾರು ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುವುದಿತ್ತು. ಇಪ್ಪತ್ತರೊಳಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕೆಂದು ಕಟ್ಟಡದ ಮಾಲೀಕರು ತಿಳಿಸಿದ್ದರು. ದಿನಕ್ಕೆ ಮನೆಗಳಿಂದ ಹನ್ನೆರಡು ಸೀರೆ ಬಂದರೆ ಅಂಗಡಿ ಉಳಿಯುತ್ತದೆ ಎಂಬುದು ಸೂಗಮ್ಮ ಹಾಕಿಕೊಂಡ ಗೆರೆ. ಬೇಗಂಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ಗಂಡ ವಿನಾಯಕ ಆಗಲೇ ಅಂಗಡಿಯ ಆಸೆ ಬಿಟ್ಟಿದ್ದರು.

"ದಿನಾ ಮುನ್ನೂರು ರೂಪಾಯಿ ಗಾಳ್ಯಾಗ ತೂರಾಕತ್ತೀ," ಎಂದರು ಒಂದು ದಿನ ಊಟಕ್ಕೆ ಕೂತಾಗ. "ಅದೇ ರೊಕ್ಕದಾಗ ಮನಿ ಮಂದಿಯೆಲ್ಲಾ ಬಾದಾಮಿ ಹಾಲು ಕುಡಿದಿದ್ರ ಮೈಗಾದ್ರೂ ಹತ್ತತಿತ್ತು."

"ನೀವು ಕುಡೀರಿ, ನಿಮಗ ಬೇಕಾಗೈತಿ. ನಾ ಇದನ್ನ ಬಿಡಂಗಿಲ್ಲ."

ಬಿಡದಿರುವುದಕ್ಕೆ ಕಾರಣವಿತ್ತು. ಜೂನ್‌ನಲ್ಲಿ ಜಾಹೀರಾತು ಹಾಕಿಕೊಟ್ಟ ಏಜೆಂಟ್ ಹುಡುಕುವ ಪದಗಳೆಂದು 'ಸೀರೆ', 'ರೋಲಿಂಗ್', 'ಪಾಲಿಶ್' ಎಂಬ ಮೂರು ಬಿಡಿ ಪದ ಕೊಟ್ಟು ಹೋಗಿದ್ದ. ಜನ ಏನು ಟೈಪ್ ಮಾಡಿ ಬಂದರು ಎಂಬ ಪಟ್ಟಿಯೊಂದು ಫೋನಿನಲ್ಲೇ ಸಿಗುತ್ತದೆ ಎಂದು ಸೂಗಮ್ಮನಿಗೆ ತಿಳಿದದ್ದು ಮೂರು ವಾರದ ನಂತರ. ನೇಲ್ ಪಾಲಿಶ್, ಮಾರ್ಬಲ್ ಪಾಲಿಶ್, ರೋಲಿಂಗ್ ಮೆಷಿನ್ ಬೆಲೆ, ಸೀರೆ ಪಾಲಿಶ್ ಕೆಲಸ ಖಾಲಿ ಇದೆಯೇ, ಹಳೆ ಸೀರೆ ಕೊಳ್ಳುವವರು. ಇವರೆಲ್ಲರ ಬೆರಳಿಗೂ ಹದಿನೆಂಟು ರೂಪಾಯಿ ಹೋಗಿತ್ತು. ಅಂದಿನಿಂದ ದಿನವೂ ಪಟ್ಟಿ ಓದಿ, ಬೇಡದ ಪದಗಳನ್ನು ಒಂದೊಂದಾಗಿ ತಡೆಹಿಡಿದರು. ಆ ಪದ ಹುಡುಕಿದವರಿಗೆ ಜಾಹೀರಾತು ಕಾಣುವುದೇ ಇಲ್ಲ. ಹೀಗೆ ತಡೆದ ಪದ ಅರವತ್ತನಾಲ್ಕು. ಜಾಹೀರಾತಿನ ಸಾಲಿನಲ್ಲೇ ಒಂದು ಸೀರೆಗೆ ಇಷ್ಟು ಎಂದು ಬೆಲೆ ಹಾಕಿದರು. ತುಟ್ಟಿಯಾಯಿತು ಎನ್ನುವವರು ಒತ್ತುವ ಮೊದಲೇ ಹೋಗಲಿ ಎಂದು.

ಕರೆ ಮಾಡಿದ ಪ್ರತಿಯೊಬ್ಬರನ್ನೂ ಏನೆಂದು ಟೈಪ್ ಮಾಡಿದಿರಿ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಮಲಕ್‌ಪೇಟೆಯ ಹೆಂಗಸೊಬ್ಬರು ತಾನೇನೋ ತಪ್ಪು ಮಾಡಿದೆನೆಂದು ಗಾಬರಿಯಾಗಿ ಫೋನ್ ಇಟ್ಟೇಬಿಟ್ಟರು.

"ಅಕ್ಕಾ, ಠಾಣೇದವರಂಗ ಕೇಳಬ್ಯಾಡ್ರಿ," ಎಂದು ರೋಲರ್‌ನ ಆಚೆ ಬದಿ ನಿಂತಿದ್ದ ಕೆಲಸದಾಕೆ ತಾರಾ ನಕ್ಕಳು. "ಮಂದಿ ಸೀರಿ ನಮಗ ಬಿಟ್ಟು ಓಡ್ಯಾರು."

"ಬಿಟ್ಟು ಓಡಿದ್ರ ನೀನ ಉಟ್ಕೋ. ಮದ್ಲ ಈ ಅಂಚು ಬಿಗಿ ಹಿಡಿ."

ಜುಲೈ ಕೊನೆಯ ವಾರ ದಿನಕ್ಕೆ ಒಂಬತ್ತು ಸೀರೆ ಬಂದವು. ಆಗಸ್ಟ್‌ನಲ್ಲಿ ಅದು ಮೂರಕ್ಕೆ ಇಳಿಯಿತು.

ಪಟ್ಟಿಯಲ್ಲಿ ತಪ್ಪು ಪದ ಒಂದೂ ಇರಲಿಲ್ಲ. ದಿನಕ್ಕೆ ಹದಿನೈದು ಜನ 'ಸೀರೆ ರೋಲಿಂಗ್ ಸುಲ್ತಾನ್ ಬಜಾರ್' ಎಂದೇ ಹುಡುಕಿ ಬಂದಿದ್ದರು. ಇದಕ್ಕಿಂತ ಸರಿಯಾದ ಗಿರಾಕಿ ಸಿಗುವುದಿಲ್ಲ. ಆದರೆ ಅವರಲ್ಲಿ ಒಬ್ಬರೂ ಕರೆ ಮಾಡುತ್ತಿರಲಿಲ್ಲ. ನೋಟ್‌ಬುಕ್ ತಿರುವಿದಾಗ ಸೂಗಮ್ಮನಿಗೆ ಇನ್ನೊಂದು ವಿಚಿತ್ರ ಕಂಡಿತು. ಬೆಳಿಗ್ಗೆ ಮಳೆ ಸುರಿದ ದಿನ ಮಾತ್ರ ಹಣ ಸಂಜೆಯವರೆಗೆ ಬಾಳಿ, ಎಂಟೋ ಒಂಬತ್ತೋ ಸೀರೆ ಬಂದಿದ್ದವು. ಮಳೆಯಲ್ಲಿ ರೇಷ್ಮೆ ಸೀರೆ ಹೊರಗೆ ತೆಗೆಯುವವರು ಯಾರು?

ಅಂದು, ಐದನೆಯ 'ಖಾಲಿ' ಬರೆದ ದಿನ, ಅವರು ಪಟ್ಟಿ ಬಿಟ್ಟು ಬೇರೆ ಪುಟಗಳನ್ನು ಒಂದೊಂದಾಗಿ ತೆರೆದರು. ಮಧ್ಯಾಹ್ನದ ಹೊತ್ತಿಗೆ ಗಂಟೆ ಗಂಟೆಯ ಲೆಕ್ಕ ತೋರಿಸುವ ಪುಟ ಸಿಕ್ಕಿತು. ಹದಿನಾರರಲ್ಲಿ ಹದಿನೈದು ಜನ ಒತ್ತಿದ್ದು ಬೆಳಿಗ್ಗೆ ಆರರಿಂದ ಏಳರೊಳಗೆ. ಆ ಹೊತ್ತಿಗೆ ಹುಡುಕುವವರು ಯಾರೇ ಇರಲಿ, ಅವರು ತನ್ನ ಗಿರಾಕಿಗಳಲ್ಲ ಎಂದು ಸೂಗಮ್ಮ ತೀರ್ಮಾನಿಸಿದರು. ಜಾಹೀರಾತು ಹನ್ನೊಂದರಿಂದ ಸಂಜೆ ಏಳರವರೆಗೆ ಮಾತ್ರ ಕಾಣುವಂತೆ ಸಮಯ ನಿಗದಿ ಮಾಡಿದರು.

ಮರುದಿನ ಬೆಳಿಗ್ಗೆ ಅವರು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಮಾವ ಸಿದ್ದರಾಮಪ್ಪ ಬೂಟು ಬಿಚ್ಚದೆ ಅಡುಗೆಮನೆಯ ಬಾಗಿಲಿಗೇ ಬಂದರು. ಅವರಿಗೆ ಎಪ್ಪತ್ತನಾಲ್ಕು ವರ್ಷ. ಸರ್ಕಾರಿ ಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು.

"ಸೂಗಮ್ಮಾ, ಘಾತ ಆತು! ನಮ್ಮ ಅಂಗಡಿ ಗೂಗಲ್‌ನ್ಯಾಗ ಇಲ್ಲ. ಹದಿನೈದು ಮಂದಿ ಫೋನ್ ಹಿಡ್ಕೊಂಡು ಕುಂತೀವಿ, ಒಬ್ಬರಿಗೂ ಬರವಲ್ದು."

"ಯಾವ ಹದಿನೈದು ಮಂದಿರೀ, ಮಾವಾರ?"

"ನಮ್ಮ ಪಾರ್ಕಿನವರವ್ವಾ. ದಿನಾ ವಾಕಿಂಗ್ ಮುಗಿಸಿ ಬೆಂಚಿನ ಮ್ಯಾಲೆ ಕುಂತು ಎಲ್ಲಾರೂ ಒಂದೊಂದ್ ಸಲ ಒತ್ತತೀವಿ. ಒತ್ತಿದಷ್ಟೂ ಅಂಗಡಿ ಮ್ಯಾಲೆ ಬರತೈತಂತ. ನಾನ ಹಾಜರಿ ತಗೋತೀನಿ. ನರಸಿಂಹರಾಯರು ನಿನ್ನೆ ಮಂಡಿನೋವು ಅಂತ ಒದರಿದ್ರೂ ಬಿಡಲಿಲ್ಲ, ಒತ್ತಸೀನಿ."

ಸೂಗಮ್ಮ ಒಲೆ ಸಣ್ಣದು ಮಾಡಿದರು. "ಎಂದಿನಿಂದರೀ?"

"ಆಗಸ್ಟ್ ಒಂದರಿಂದ. ಮಳಿ ಬಂದ ದಿನ ಬಿಟ್ಟು ಒಂದು ದಿನಾನೂ ತಪ್ಪಿಸಿಲ್ಲ. ನಿನಗ ಹೇಳಿರಲಿಲ್ಲ. ಅಂಗಡಿ ಉಳೀಲಿ, ಸಾಕು ಅಂತ."

ಸೂಗಮ್ಮ ಅವರ ಮುಖ ನೋಡಿದರು. ಹೇಳದಿದ್ದರೆ ನಡೆಯುತ್ತಿತ್ತು, ಸಮಯವನ್ನಂತೂ ನಿಗದಿ ಮಾಡಿಯಾಗಿತ್ತು. ಆದರೆ ಹದಿನೈದು ಜನ ಹನ್ನೊಂದಕ್ಕೇ ಕೂತು ಒತ್ತಲು ಶುರುಮಾಡಿದರೆ?

"ಮಾವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಮ್ಮೆ ಒತ್ತಿದ್ರ ನಮ್ಮ ಕಡಿಂದ ಹದಿನೆಂಟು ರೂಪಾಯಿ ಹೋಗತೈತ್ರಿ."

ಸಿದ್ದರಾಮಪ್ಪ ಗೋಡೆ ಬದಿಯ ಸ್ಟೂಲಿನ ಮೇಲೆ ಕೂತರು. ಲೆಕ್ಕ ಹಾಕಲು ಅವರಿಗೆ ಕಾಗದ ಬೇಕಾಗಲಿಲ್ಲ.

"ದಿನಾ ಇನ್ನೂರಾ ಎಪ್ಪತ್ತು," ಎಂದರು. ಆಮೇಲೆ, "ಎಂಟು ರೂಪಾಯಿ ತಪ್ಪಿಗೆ ಮಂದಿಗೆ ಮೆಮೋ ಕೊಟ್ಟಾಂವ ನಾನು. ಈಗ ನನಗ ಯಾರು ಕೊಡೋರು?"

"ನಾ ಕೊಡತೀನಪ್ಪಾ," ಎಂದು ಒಳಕೋಣೆಯಿಂದ ವಿನಾಯಕ ಕೂಗಿದರು.

"ನೀ ಸುಮ್ನ ಆಫೀಸಿಗೆ ನಡಿ!"

ಅಂದು ಸಿದ್ದರಾಮಪ್ಪ ಒಂದೇ ರೊಟ್ಟಿ ತಿಂದು ಎದ್ದರು. ಮರುದಿನ ಬೆಂಚಿನ ಮೇಲೆ ಎಲ್ಲರೂ ಫೋನ್ ತೆಗೆದಾಗ, ಇನ್ನು ಯಾರೂ ಒತ್ತಬಾರದು, ಮನೆಯಲ್ಲೂ ಒತ್ತಬಾರದು ಎಂದು ಕಾರಣಸಹಿತ ತಿಳಿಸಿದರು. ತಪ್ಪು ತಮ್ಮದೇ ಎಂದೂ ಹೇಳಿದರು. "ಬಿಟ್ಟಿ ಸೇವಾ ಅಂತ ತಿಳದಿದ್ದೆ, ಭಾಳ ತುಟ್ಟಿ ಬಿತ್ತಲ್ರೀ," ಎಂದು ನರಸಿಂಹರಾಯರು ಮಂಡಿ ತಿಕ್ಕಿಕೊಂಡರು.

ಅಲ್ಲಿಂದ ಮುಂದೆ ಜಾಹೀರಾತಿನ ಹಣ ಸಂಜೆ ಆರರವರೆಗೆ ಬಾಳಿತು. ಹದಿನಾರು ಜನ ಒತ್ತಿದರೆ ನಾಲ್ಕೈದು ಜನ ಕರೆ ಮಾಡುತ್ತಿದ್ದರು, ಮೂವರಾದರೂ ಮೂರು ನಾಲ್ಕು ಸೀರೆ ಹಿಡಿದು ಬರುತ್ತಿದ್ದರು. ಇಪ್ಪತ್ತರ ಬೆಳಿಗ್ಗೆ ಸೂಗಮ್ಮ ನೋಟ್‌ಬುಕ್ ಕೂಡಿಸಿ ಭಾಗಿಸಿದಾಗ ದಿನಕ್ಕೆ ಹನ್ನೊಂದು ಸೀರೆ ಬಂದಿತ್ತು.

"ಒಂದು ಕಡಿಮಿ ಐತಲ್ಲ," ಎಂದರು ವಿನಾಯಕ. ಈ ಸಲ ಅವರು ನಗುತ್ತಿರಲಿಲ್ಲ.

"ಆ ಒಂದನ್ನ ನಾ ಹುಡುಕತೀನಿ. ಮೂರರಿಂದ ಐದರ ಮಟ ಒತ್ತೋರು ಅದಾರ, ಬರೋರು ಇಲ್ಲ. ಆ ಹೊತ್ತಿನ ರೊಕ್ಕ ತಗದು ಸಂಜಿಗೆ ಹಾಕಾಕತ್ತೀನಿ."

ಅಂದೇ ಮಾಲೀಕರಿಗೆ ಫೋನ್ ಮಾಡಿ ಹೌದು ಎಂದರು. ಸೂಗಮ್ಮ ಸಹಿ ಹಾಕಿರುವ ಹೊಸ ಕರಾರು ಹನ್ನೊಂದು ತಿಂಗಳದ್ದು. ಅಕ್ಟೋಬರ್ ಒಂದಕ್ಕೆ ಆರಂಭವಾಗಿ ಮುಂದಿನ ಆಗಸ್ಟ್ ಮೂವತ್ತೊಂದಕ್ಕೆ ಮುಗಿಯುತ್ತದೆ.